ಇನ್ನೂರ ಏಳನೇ ರೂಮಿನ ಡ್ರಾಯರಿನಲ್ಲಿ

ಮುಂದೆ ಬರುವವರೇ,
ಕಿಟಕಿಯ ಕೆಳಗಿನ ಪ್ಲಗ್ಗನ್ನು ನಂಬಬೇಡಿ.
ಕೆಂಪು ದೀಪ ಉರಿಯುತ್ತದೆ, ಚಾರ್ಜು ಏರುವುದಿಲ್ಲ.
ಮಂಚ ಎಳೆದರೆ ಗೋಡೆಯಲ್ಲಿ ಇನ್ನೊಂದಿದೆ,
ಬಣ್ಣ ಬಳಿದವನು ಅರ್ಧ ಮುಚ್ಚಿದ್ದಾನೆ.
ಜೀವ ಇರುವುದು ಅದಕ್ಕೇ.

ನೆಟ್‌ವರ್ಕು ಬಚ್ಚಲ ಬಾಗಿಲಲ್ಲಿ ಎರಡು ಕಡ್ಡಿ,
ಮೇಜಿನ ಮೇಲೆ ಒಂದು, ಅದೂ ಗಾಳಿಯ ಮರ್ಜಿ.
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು
ನಲವತ್ತು ಎದೆನೋವು, ಹನ್ನೊಂದು ಹೆರಿಗೆ,
ಲೆಕ್ಕವಿಡದಷ್ಟು ಸಕ್ಕರೆ ಕಾಯಿಲೆ
ಟೈಪು ಮಾಡಿ ಕಳಿಸಿದ್ದೇನೆ ಇಲ್ಲಿಂದ.
ಎಲ್ಲಿಯದೋ ಡಾಕ್ಟರುಗಳು ಗೊಣಗಿದ್ದನ್ನು ಕೇಳಿ
ಅಕ್ಷರ ಮಾಡುವುದು ನನ್ನ ಕಸುಬು.
ಕಿವಿ ಯಾವ ಊರಲ್ಲಾದರೂ ನಡೆಯುತ್ತದೆ,
ಕರೆಂಟು ಇರಬೇಕು.

ಅದು ಹೋಗುವ ಸುದ್ದಿ ಪೇಪರಿನ ಒಳಪುಟದಲ್ಲಿ
ಇರುವೆ ಸಾಲಿನಷ್ಟು ಸಣ್ಣದಾಗಿ ಇರುತ್ತದೆ,
ದಾದಾಪೀರ್ ಓದಿ ಹೇಳುತ್ತಾನೆ.
ಚಾ ತರುವ ಹುಡುಗ ಅನ್ನಬೇಡಿ,
ಅವನಿಗೀಗ ಐವತ್ತೆರಡು.
‘ಕರೆಂಟ್ ಹೋತಂದ್ರೆ ಗಾಜಿನ ಮನೆ ಕಡೆ ಹೋಗ್ರಿ ಅಕ್ಕಾ,
ನೆಳ್ಳು ಐತೆ’ ಅಂದ ಒಮ್ಮೆ. ಹೋದೆ.
ಸ್ಕ್ರೀನಿನಲ್ಲಿ ನನ್ನ ಮುಖವೊಂದು ಬಿಟ್ಟು
ಏನೂ ಕಾಣಲಿಲ್ಲ.

ಏಪ್ರಿಲಿನಲ್ಲಿ ಬಂದರೆ
ಲ್ಯಾಪ್‌ಟಾಪಿನ ಕೆಳಗೆ ಸ್ಟೀಲ್ ತಟ್ಟೆ ಬೋರಲು ಹಾಕಿ,
ಬಿಸಿಯಾದಾಗ ತಟ್ಟೆ ಬದಲಿಸಿ.

ಬೆಣ್ಣೆ ದೋಸೆಯ ಬಗ್ಗೆ ಯಾರೂ ಹೇಳದ ಮಾತು:
ಮೀಟಿಂಗು ಹತ್ತಕ್ಕಿದ್ದರೆ ಒಂಬತ್ತಕ್ಕೆ ತಿನ್ನಬೇಡಿ.
ಎರಡನೆಯದನ್ನು ಬೇಡವೆನ್ನಲು ಬಾಯಿ ಬರುವುದಿಲ್ಲ,
ಮೂರನೆಯದರ ಹೊತ್ತಿಗೆ ರೆಪ್ಪೆಗೂ ಬೆಣ್ಣೆ ಹತ್ತಿರುತ್ತದೆ.
ಮಂಡಕ್ಕಿ ಮಿರ್ಚಿ ಸಂಜೆಗಿರಲಿ, ಲ್ಯಾಪ್‌ಟಾಪು ಮುಚ್ಚಿ.
ನನ್ನ ಸ್ಪೇಸ್ ಬಾರಿನ ಕೆಳಗೆ ಮಂಡಕ್ಕಿಯೊಂದು
ವರುಷದಿಂದ ಬಾಡಿಗೆ ಕೊಡದೆ ವಾಸವಾಗಿದೆ,
ಒತ್ತಿದರೆ ಇವತ್ತಿಗೂ ‘ಕರ್’ ಅನ್ನುತ್ತದೆ.

ರೈಲ್ವೆ ಗೇಟು ಬಿದ್ದಾಗ ಆಟೋದವನು
‘ಐದ್ ನಿಮಿಷ’ ಅಂದರೆ ಇಳಿದು ನಡೆಯಿರಿ.
‘ಈಗ ತೆಗಿತಾರೆ’ ಅಂದರೆ ಓಡಿ.

ಒಬ್ಬಳೇ ಬಂದ ಹೆಂಗಸಾದರೆ
ಕೌಂಟರಿನಲ್ಲಿ ಕನ್ನಡಕ ಕೆಳಗಿಳಿಸಿ ಕೇಳುತ್ತಾರೆ, ‘ಒಬ್ರೇನಾ?’
‘ಕೋರ್ಟ್ ಕೆಲಸ’ ಅನ್ನಿ.
ಕೀಲಿ ತಾನೇ ಮುಂದಕ್ಕೆ ಜಾರಿ ಬರುತ್ತದೆ.
ನನ್ನ ಮಟ್ಟಿಗೆ ಅದು ಸುಳ್ಳೂ ಅಲ್ಲ:
ತಂಗಿಯ ಕೇಸು, ಹತ್ತೊಂಬತ್ತು ವಾಯಿದೆ,
ಹತ್ತೊಂಬತ್ತು ಸಲ ಇದೇ ರೂಮು.

ನೀವೂ ಹಾಗೇ ಬಂದವರಾದರೆ ಕೇಳಿ.
ಕಾರಿಡಾರಿನ ಕಂಬಕ್ಕೆ ಒರಗಿ ಕೆಲಸ ಮಾಡಬಹುದು,
ಇಯರ್‌ಫೋನು ಒಂದೇ ಕಿವಿಗೆ.
ಇನ್ನೊಂದು ಕಿವಿ ಬರಿದಾಗಿರಬೇಕು,
ಹೆಸರು ಮೂರೇ ಸಲ ಕೂಗುತ್ತಾರೆ.
ಮೂರನೆಯ ಕೂಗಿಗೆ ನಾವಿಬ್ಬರೂ ಓಡಿದ ದಿನ
ಯಾರದೋ ಎಡಗಡೆಯ ಕಿಡ್ನಿ
ನನ್ನ ಬೆರಳಲ್ಲಿ ಬಲಗಡೆಗೆ ಹೋಯಿತು.
ರಾತ್ರಿ ಎರಡಕ್ಕೆ ಎಚ್ಚರಾಗಿ, ಇದೇ ಬಕೆಟ್ಟಿನ ಮೇಲೆ ಕೂತು
ಅದನ್ನು ಅದರ ಜಾಗಕ್ಕೆ ತಂದಿಟ್ಟೆ.
ಆಮೇಲೆ ನಿದ್ದೆ ಬರಲಿಲ್ಲ.
ಕಂಪನಿಗೆ ಮೊದಲೇ ಹೇಳಿಡಿ, ಈ ದಿನ ನೆಟ್‌ವರ್ಕ್ ಇಲ್ಲ ಅಂತ.
ಕಾರಣ ಕೇಳದ ರಜೆ ಅದೊಂದೇ.

ಇವತ್ತು ಮುಗಿಯಿತು.
ಏನಾಯಿತೆಂದು ಬರೆಯುವುದಿಲ್ಲ,
ಅದು ಊರೂರು ತಿರುಗುವವರಿಗೆ ಉಪಯೋಗದ ಮಾತಲ್ಲ.
ತಂಗಿ ಚಪ್ಪಲಿಯನ್ನೂ ಬಿಚ್ಚದೆ ಮಲಗಿದ್ದಾಳೆ,
ಒಂದು ಕಾಲು ಮಂಚದಿಂದ ಹೊರಗೆ.
ಚಾರ್ಜು ನೂರಕ್ಕೆ ಆರು ಉಳಿದಿದೆ,
ಒಳ್ಳೆಯ ಪ್ಲಗ್ಗು ಅವಳ ಬೆನ್ನ ಹಿಂದೆ.
ಮಂಚ ಎಳೆಯಲಾರೆ.
ಅದಕ್ಕೇ ಇದನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ,
ದೋಸೆ ಬಿಲ್ಲುಗಳ ಹಿಂಬದಿಯಲ್ಲಿ,
ಬಹಳ ದಿನವಾಯಿತು ಬರೆದು, ಅಕ್ಷರ ಕೋಪಿಸಿಕೊಂಡಿವೆ.

ಎಕ್ಸ್‌ಟೆನ್ಶನ್ ಬಾಕ್ಸು ಇಲ್ಲೇ ಬಿಟ್ಟಿದ್ದೇನೆ.
ಇನ್ನು ಮುಂದೆ ಮಂಚ ಎಳೆಯುವ ಕೆಲಸವಿಲ್ಲ, ವೈರು ಉದ್ದವಿದೆ.
ಮೂರನೇ ಸ್ವಿಚ್ಚು ಸ್ವಲ್ಪ ಬಿಗಿ,
ಹೆಬ್ಬೆರಳಲ್ಲಿ ಒತ್ತಿ.